ಸಂತೆ ಮೈದಾನದಲ್ಲಿ ಮಳಿಗೆ ಕಟ್ಟೋಕೆ ಪುರಸಭೆ ಠರಾವು ಮಾಡಿದೆಯಂತೆ, ಈಗ ತಡೆಯಬಹುದಾ?

ಸೋಮವಾರದಸಂತೆ:

ಊರಿನ ಹೆಸರು ಬರೆಯುವುದಿಲ್ಲ. ತುಮಕೂರು, ಹಾಸನ ನಡುವಿನ ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ, ಸಾಕು. ಬಸ್ ಸ್ಟ್ಯಾಂಡ್ ಹಿಂದೆ ಎರಡು ಎಕರೆಯಷ್ಟು ಸಂತೆ ಮೈದಾನ ಇದೆ. ಸೋಮವಾರ ಸಂತೆ. ನಮ್ಮಜ್ಜ ಚಡ್ಡಿ ಹಾಕುತ್ತಿದ್ದ ಕಾಲದಲ್ಲೂ ಅಲ್ಲೇ ಸೇರುತ್ತಿತ್ತಂತೆ. ಮಧ್ಯದಲ್ಲಿ ಏಳೆಂಟು ಹೊಂಗೆ ಮರ, ಮೂಲೆಯಲ್ಲಿ ಒಂದು ದೊಡ್ಡ ಹುಣಸೆ ಮರ. ಕುರಿ ಕೋಳಿ ಒಂದು ಕಡೆ, ಸೊಪ್ಪು ತರಕಾರಿ ಒಂದು ಕಡೆ, ಹುಣಸೆ ಮರದ ಕೆಳಗೆ ಒಣಮೆಣಸಿನಕಾಯಿ, ಕುಡುಗೋಲು, ಹಗ್ಗ.

ಹೋದ ವಾರ ಬೆಳಗ್ಗೆ ವಾಕಿಂಗ್ ಹೋದಾಗ ನೋಡಿದರೆ ಮೈದಾನದ ತುಂಬ ಸುಣ್ಣದ ಗೆರೆ. ಕ್ರಿಕೆಟ್ ಟೂರ್ನಮೆಂಟ್ ಇರಬೇಕು ಅಂದುಕೊಂಡೆ. ಅಲ್ಲಿದ್ದ ಹುಡುಗನನ್ನು ಕೇಳಿದರೆ "ಕಾಂಪ್ಲೆಕ್ಸ್ ಬರ್ತದೆ ಸರ್, ಮಾರ್ಕ್ ಹಾಕಿದ್ದೇವೆ" ಅಂದ. ಹೊಂಗೆ ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರ್ ಬೇರೆ ಬರೆದಿದ್ದಾರೆ.

ನಮ್ಮ ವಾರ್ಡಿನ ಮಾಜಿ ಸದಸ್ಯರನ್ನು ಹಿಡಿದು ಕೇಳಿದೆ. ಅವರು ಹೇಳಿದ್ದು ಇಷ್ಟು: ಅವರ ಅವಧಿಯ ಕೊನೆ ಸಭೆಯಲ್ಲಿ ಠರಾವು ಆಗಿದೆ. ನೆಲಮಾಳಿಗೆಯಲ್ಲಿ ಪಾರ್ಕಿಂಗ್, ಮೇಲೆ ಎರಡು ಅಂತಸ್ತು, ಒಟ್ಟು ಅರವತ್ತು ಚಿಲ್ಲರೆ ಮಳಿಗೆ. ಸಂತೆಯನ್ನು ಬೈಪಾಸ್ ಪಕ್ಕದ ಜಾಗಕ್ಕೆ ಹಾಕುತ್ತಾರೆ. ಆ ಜಾಗ ಯಾವುದು ಅಂದರೆ ಮೊದಲು ಊರಿನ ಕಸ ಸುರಿಯುತ್ತಿದ್ದ ಹಳ್ಳ. "ನೀವು ಯಾಕೆ ಒಪ್ಪಿಕೊಂಡಿರಿ" ಅಂದರೆ, "ಚರ್ಚೆನೇ ಆಗಲಿಲ್ಲ ಕಣ್ರೀ, ಊಟದ ಹೊತ್ತಾಗಿತ್ತು" ಅಂದರು. ತಮಾಷೆ ಮಾಡ್ತಾ ಇಲ್ಲ, ಇದೇ ಮಾತು.

ಈಗ ಚುನಾಯಿತ ಮಂಡಳಿ ಇಲ್ಲ, ಆಡಳಿತಾಧಿಕಾರಿ ಇದ್ದಾರೆ. ಕಚೇರಿಗೆ ಹೋದರೆ ಎಲ್ಲರೂ "ಠರಾವು ಆಗಿದೆ" ಅನ್ನುತ್ತಾರೆ, ಏನೋ ದೇವರು ಬಂದು ಹೇಳಿ ಹೋದ ಹಾಗೆ. ನಾನು ಅಭಿವೃದ್ಧಿ ವಿರೋಧಿ ಅಲ್ಲ. ಊರಿಗೆ ಮಳಿಗೆ ಬೇಕಿರಬಹುದು. ಆದರೆ ಊರಿನ ನಡುವಿನ ಇಷ್ಟು ದೊಡ್ಡ ಜಾಗದ ವಿಷಯ ಊರಿಗೇ ಗೊತ್ತಿಲ್ಲ ಅಂದರೆ ಹೇಗೆ? ಠರಾವು ಆದ ಮೇಲೆ ತಡೆಯೋಕೆ ದಾರಿ ಇದೆಯಾ? ಗೊತ್ತಿರುವವರು ಹೇಳಿ.

---

ಹಳೇಗುಮಾಸ್ತ:

ಬೇರೆ ಜಿಲ್ಲೆಯ ಪುರಸಭೆಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು ನಾನು. ಮೊದಲು ಒಂದು ಸಮಾಧಾನ ಹೇಳಿಬಿಡುತ್ತೇನೆ. ಠರಾವು ಅಂದರೆ ಕಟ್ಟಡ ಅಲ್ಲ. ಅಟ್ಟದ ಮೇಲೆ ನೂರಾರು ಠರಾವು ದೂಳು ತಿನ್ನುತ್ತಾ ಬಿದ್ದಿರುತ್ತವೆ.

ಠರಾವು ಆದ ಮೇಲೆ ಕ್ರಿಯಾ ಯೋಜನೆ ಆಗಬೇಕು. ಅದು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಒಪ್ಪಿಗೆ ಪಡೆದು ಬರಬೇಕು. ಎಸ್ಟಿಮೇಟಿಗೆ ತಾಂತ್ರಿಕ ಮಂಜೂರಾತಿ ಬೇಕು. ಆಮೇಲೆ ಟೆಂಡರ್. ಆಮೇಲೆ ಕಾರ್ಯಾದೇಶ. ನಿಮ್ಮ ಕೇಸಿನಲ್ಲಿ ಸುಣ್ಣದ ಗೆರೆ ಬಿದ್ದಿದೆ ಅಷ್ಟೇ. ಸುಣ್ಣ ಹಾಕೋಕೆ ಯಾರ ಮಂಜೂರಾತಿಯೂ ಬೇಡ. ಕಡತ ಯಾವ ಮೆಟ್ಟಿಲಲ್ಲಿ ಕೂತಿದೆ ಅನ್ನೋದನ್ನು ಮೊದಲು ಪತ್ತೆ ಮಾಡಿ. ಕಾರ್ಯಾದೇಶ ಕೊಟ್ಟ ಮೇಲೆ ತಡೆಯೋದು ಕಷ್ಟ, ಗುತ್ತಿಗೆದಾರ ಪರಿಹಾರ ಕೇಳುತ್ತಾನೆ. ಅದಕ್ಕೆ ಮುಂಚೆ ಆದರೆ ಪರವಾಗಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ, 30 ದಿನ. ಒಂದು ವಿಷಯ ನೆನಪಿಡಿ, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಿಮ್ಮ ಹಾಗೆ ಹೊಂಗೆ ಮರ, ಅಜ್ಜನ ಚಡ್ಡಿ ಎಲ್ಲ ಬರೆದರೆ ವಾಪಸ್ ಬರುತ್ತದೆ. ಸುಮ್ನೆ ಕೇಳಿ: ಇಂಥ ಸಭೆಯ ಅಜೆಂಡಾ ನೋಟಿಸು, ನಡಾವಳಿ, ಹಾಜರಾತಿ ಸಹಿ ಇರುವ ಪುಟದ ನಕಲು ಕೊಡಿ ಅಂತ. ಇನ್ನೊಂದು ಅರ್ಜಿಯಲ್ಲಿ ಯೋಜನೆಯ ಕಡತ ನೋಡೋಕೆ ಅವಕಾಶ ಕೇಳಿ. ನಕಲಿಗಿಂತ ಕಡತವನ್ನು ಕಣ್ಣಾರೆ ನೋಡೋದೇ ಮೇಲು. ಟಿಪ್ಪಣಿ ಹಾಳೆಯಲ್ಲಿ ಯಾರೋ ಒಬ್ಬ ಜೂನಿಯರ್ ಇಂಜಿನಿಯರ್ ಪೆನ್ಸಿಲಲ್ಲಿ ಸತ್ಯ ಬರೆದಿರುತ್ತಾನೆ.

ಅಜೆಂಡಾ ಯಾಕೆ ಕೇಳಿ ಅಂದೆ ಅಂದರೆ, ಪ್ರತಿ ಅಜೆಂಡಾದ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಅಂತ ಒಂದು ಸಾಲು ಇರುತ್ತದೆ. ಬೀದಿದೀಪ, ಸತ್ತ ನಾಯಿ ಇಂಥ ಸಣ್ಣಪುಟ್ಟದ್ದಕ್ಕೆ ಇಟ್ಟಿರೋ ಸಾಲು ಅದು. ದೊಡ್ಡ ದೊಡ್ಡ ವಿಷಯಗಳು ಅದೇ ಕಿಂಡಿಯಲ್ಲಿ ನುಸುಳೋದನ್ನು ನಾನು ಸರ್ವಿಸ್ ಪೂರ್ತಿ ನೋಡಿದ್ದೇನೆ. ನಾನೇ ಬರೆದೂ ಇದ್ದೇನೆ, ಸುಳ್ಳು ಯಾಕೆ.

ಆಮೇಲೆ ಜಾಗ ಯಾರದ್ದು ನೋಡಿ. ಪಹಣಿ ತೆಗೆಸಿ. "ಸರ್ಕಾರಿ, ಸಂತೆ ಮೈದಾನ" ಅಂತ ಇದ್ದರೆ ನಿಮ್ಮ ಕೈ ಮೇಲೆ. ಭೂ ಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಒಂದು ಉದ್ದೇಶಕ್ಕೆ ಕಾಯ್ದಿರಿಸಿದ ಸರ್ಕಾರಿ ಜಮೀನನ್ನು ಜಿಲ್ಲಾಧಿಕಾರಿ ಮಂಜೂರಾತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸೋ ಹಾಗಿಲ್ಲ. ಪುರಸಭೆ ಹೆಸರಿಗೇ ಖಾತೆ ಆಗಿದ್ದರೆ ಬೇರೆ ಮಾತು. ಆಗಲೂ ಪುರಸಭೆಗಳ ಕಾಯ್ದೆ 1964ರ 306ನೇ ಕಲಂ ಇದೆ. ಠರಾವು ಕಾನೂನಿಗೆ ವಿರುದ್ಧ ಅನಿಸಿದರೆ ಅಥವಾ ಜನಕ್ಕೆ ತೊಂದರೆ ಆಗುತ್ತದೆ ಅನಿಸಿದರೆ ಜಿಲ್ಲಾಧಿಕಾರಿ ಅದನ್ನು ತಡೆಹಿಡಿಯಬಹುದು. ಅರ್ಜಿಯಲ್ಲಿ ಈ ನಂಬರ್ ಬರೆಯಿರಿ. ನಂಬರ್ ಇಲ್ಲದ ಅರ್ಜಿ "ಸಾರ್ವಜನಿಕರ ಮನವಿ" ಅನ್ನೋ ಕಡತಕ್ಕೆ ಹೋಗುತ್ತದೆ, ಅಲ್ಲಿಂದ ಯಾವುದೂ ಎದ್ದು ಬಂದಿದ್ದು ನಾನು ಕಂಡಿಲ್ಲ.

---

ಕಿರಾಣಿಅಂಗಡಿ:

ಇದೇ ಊರಿನವನು ನಾನು, ಸಂತೆ ಮೈದಾನದ ಎದುರಿಗೇ ಅಂಗಡಿ. ಎಲ್ಲರೂ ಸಂತೆ ಸಂತೆ ಅಂತ ಕವನ ಬರೀತಾ ಇದ್ದೀರಿ, ಉಳಿದ ಆರು ದಿನ ಅಲ್ಲಿ ಏನು ನಡೆಯುತ್ತದೆ ಅಂತ ಹೇಳಲಾ? ಮಂಗಳವಾರ ಬೆಳಗ್ಗೆ ಕೊಳೆತ ಟೊಮೆಟೊ ವಾಸನೆ. ರಾತ್ರಿ ಕುಡುಕರು, ಒಡೆದ ಬಾಟ್ಲಿ. ಮಳೆ ಬಂದರೆ ಮೊಣಕಾಲುದ್ದ ಕೆಸರು. ಸಂತೆ ದಿನ ಸಾವಿರಾರು ಜನ ಬರ್ತಾರೆ, ಒಂದು ಶೌಚಾಲಯ ಇಲ್ಲ. ಹೆಂಗಸರು ನಮ್ಮ ಅಂಗಡಿ ಹಿಂದಿನ ಗಲ್ಲಿಗೆ ಬರ್ತಾರೆ ಪಾಪ, ನಾವೂ ನೋಡಿ ನೋಡದ ಹಾಗೆ ಇರಬೇಕು.

ಪುರಸಭೆಗೆ ದುಡ್ಡು ಎಲ್ಲಿಂದ ಬರಬೇಕು? ಸರ್ಕಾರದಿಂದ ಬರೋ ಅನುದಾನ ಸಂಬಳಕ್ಕೆ, ಬೀದಿದೀಪದ ಮತ್ತು ನೀರಿನ ಪಂಪಿನ ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಆಸ್ತಿ ತೆರಿಗೆ ಕಟ್ಟಿ ಅಂದರೆ ಇಲ್ಲಿ ಭಾಷಣ ಮಾಡೋರು ಅರ್ಧ ಜನ ಕಟ್ಟಿರಲ್ಲ. ಮಳಿಗೆ ಬಾಡಿಗೆ ಅಂದರೆ ಪುರಸಭೆಗೆ ಪ್ರತಿ ತಿಂಗಳು ಬರೋ ಸ್ವಂತ ದುಡ್ಡು. ಪಕ್ಕದ ತಾಲ್ಲೂಕಲ್ಲಿ ಕಾಂಪ್ಲೆಕ್ಸ್ ಇದೆ, ಬ್ಯಾಂಕ್ ಇದೆ, ಬಟ್ಟೆ ಅಂಗಡಿ ಇದೆ. ನಮ್ಮ ಹುಡುಗರು ಒಂದು ಪ್ಯಾಂಟಿಗೆ ಅಲ್ಲಿಗೆ ಹೋಗ್ತಾರೆ.

ನಿಜ ಹೇಳಬೇಕು ಅಂದರೆ ಸೋಮವಾರ ನನ್ನ ವ್ಯಾಪಾರ ಉಳಿದ ದಿನಕ್ಕಿಂತ ಎರಡು ಪಟ್ಟು. ಸಂತೆ ಬೈಪಾಸಿಗೆ ಹೋದರೆ ನನಗೂ ಲಾಸೇ. ಅದಕ್ಕೆ ಅಂತ ಊರು ಹೀಗೇ ಇರಲಿ ಅನ್ನೋಕಾಗುತ್ತಾ? ಠರಾವು ಕದ್ದುಮುಚ್ಚಿ ಮಾಡಿದ್ದು ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಕರೆದು ಕೇಳಿದ್ದರೂ ನಾನು ಕಾಂಪ್ಲೆಕ್ಸ್ ಬೇಕು ಅಂತಲೇ ಹೇಳುತ್ತಿದ್ದೆ.

---

ಹಳೇಗುಮಾಸ್ತ:

ಕಿರಾಣಿಯವರೇ, ದುಡ್ಡಿನ ಮಾತು ಸರಿ. ಆದರೆ ಮಳಿಗೆ ಬಾಡಿಗೆ ಪುರಸಭೆಗೆ ಬರುತ್ತದೆ ಅನ್ನೋದನ್ನು ಅಷ್ಟು ನಂಬಬೇಡಿ. ಹರಾಜು ಹಾಕಿ 12 ವರ್ಷಕ್ಕೆ ಕೊಡುತ್ತಾರೆ. ಕೂಗಿದವನು ಒಬ್ಬ, ಒಳಗೆ ಕೂತು ವ್ಯಾಪಾರ ಮಾಡುವವನು ಇನ್ನೊಬ್ಬ. ಪುರಸಭೆಗೆ ಹೋಗೋದು ಒಂದು ಬಾಡಿಗೆ, ಮಧ್ಯದವನ ಜೇಬಿಗೆ ಹೋಗೋದು ಮೂರು ಬಾಡಿಗೆ. 12 ವರ್ಷ ಮುಗಿದ ದಿನ ಎಲ್ಲ ಸೇರಿ ಕೋರ್ಟಿನಿಂದ ತಡೆ ತರುತ್ತಾರೆ. ಬಾಕಿ ವಸೂಲಿಗೆ ಅಂತ ನಾನು ಎಷ್ಟು ಮೆಟ್ಟಿಲು ಹತ್ತಿದ್ದೇನೋ, ನನ್ನ ಮಂಡಿಯನ್ನು ಕೇಳಬೇಕು. ಎರಡನೇ ಅಂತಸ್ತಿನ ಮಳಿಗೆಯಂತೂ ಸಣ್ಣ ಊರಲ್ಲಿ ಯಾರೂ ಹಿಡಿಯಲ್ಲ. ಪಾರಿವಾಳ ಹಿಡಿಯುತ್ತವೆ.

---

ಸೊಪ್ಪಿನಗಾಡಿ:

ನಮ್ಮಮ್ಮ ಆ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಅದರ ಮುಂಚೆ ಅಜ್ಜಿ ಮಾರುತ್ತಿದ್ದರು, ಅದೇ ಜಾಗ, ಎರಡನೇ ಹೊಂಗೆ ಮರದ ಪಕ್ಕ. ನಾನು ಡಿಗ್ರಿ ಓದಿದ್ದು ಆ ಸೊಪ್ಪಿನ ದುಡ್ಡಲ್ಲೇ. ಅದಕ್ಕೇ ಕಾಂಪ್ಲೆಕ್ಸಿನ ಪ್ಲಾನು ನೋಡಿದ ತಕ್ಷಣ ಹೊಟ್ಟೆ ಉರಿಯಿತು.

ಬೈಪಾಸ್ ಜಾಗ ನೋಡಿ ಬಂದಿದ್ದೇನೆ. ಊರಿಂದ ಎರಡೂವರೆ ಕಿಲೋಮೀಟರ್. ಒಂದು ಮರ ಇಲ್ಲ. ನೀರಿಲ್ಲ. ಬಸ್ಸು ಅಲ್ಲಿ ನಿಲ್ಲಲ್ಲ. ಇದು ಪ್ಲಾನ್ ಮಾಡಿದವರಿಗೆ ಹೊಳೆದೇ ಇಲ್ಲ ಅನಿಸುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸುತ್ತಲಿನ ಹಳ್ಳಿಯಿಂದ ಎಷ್ಟೋ ಹೆಂಗಸರು ಒಂದು ಚೀಲ ಅವರೆಕಾಯಿ, ಎರಡು ಕಟ್ಟು ಕರಿಬೇವು, ನಾಲ್ಕು ತೆಂಗಿನಕಾಯಿ ಹಿಡಿದುಕೊಂಡು ಸಂತೆಗೆ ಬರೋಕೆ ಶುರು ಮಾಡಿದರು. ಮೊದಲು ಬಸ್ ಚಾರ್ಜಿಗೇ ಲಾಭ ಹೋಗುತ್ತಿತ್ತು. ಈಗ ಬಸ್ ಸ್ಟ್ಯಾಂಡಲ್ಲಿ ಇಳಿದು ಹಿಂದುಗಡೆ ನಡೆದರೆ ಸಂತೆ. ಬೈಪಾಸಿಗೆ ಹಾಕಿದರೆ ಆಟೋ ಹಿಡಿಯಬೇಕು, ಹೋಗ್ತಾ ಬರ್ತಾ ನೂರು ರೂಪಾಯಿ. ಇನ್ನೂರು ರೂಪಾಯಿ ಸೊಪ್ಪು ಮಾರೋರಿಗೆ ನೂರು ರೂಪಾಯಿ ಆಟೋ! ಕೊಳ್ಳೋರೂ ಅಷ್ಟೇ, ಡ್ಯೂಟಿ ಮುಗಿಸಿ ಸಂಜೆ ಬಸ್ಸಿಗೆ ಹೋಗೋ ಟೀಚರುಗಳು, ಗಾರೆ ಕೆಲಸದವರು ಐದು ನಿಮಿಷ ಸಂತೆಗೆ ಹೊಕ್ಕು ಹೋಗುತ್ತಾರೆ. ಬೈಪಾಸಿಗೆ ಅವರು ಬರ್ತಾರಾ?

ಕಿರಾಣಿ ಅಂಗಡಿಯವರು ಹೇಳಿದ ಶೌಚಾಲಯದ ಮಾತು ನೂರಕ್ಕೆ ನೂರು ನಿಜ. ಅಮ್ಮ ಸೋಮವಾರ ಬೆಳಗ್ಗೆಯಿಂದ ನೀರೇ ಕುಡಿಯಲ್ಲ, ಯಾಕೆ ಅಂತ ಬಿಡಿಸಿ ಹೇಳಬೇಕಾ? ಆದರೆ ಅದಕ್ಕೆ ಪರಿಹಾರ ಶೌಚಾಲಯ ಕಟ್ಟೋದು, ಅಮ್ಮನನ್ನೇ ಎತ್ತಂಗಡಿ ಮಾಡೋದಲ್ಲ. ಪ್ರತಿ ಸೋಮವಾರ ಸುಂಕ ಕೊಡುತ್ತೇವೆ. ಬೋರ್ಡಲ್ಲಿ ಬರೆದಿರೋದು ಒಂದು ರೇಟು, ಹರಾಜು ಹಿಡಿದವನ ಹುಡುಗ ಕಿತ್ತುಕೊಳ್ಳೋದು ಇನ್ನೊಂದು, ಚೀಟಿ ಕೇಳಿದರೆ ಗುರಾಯಿಸುತ್ತಾನೆ. ಇಷ್ಟು ವರ್ಷ ಕೊಟ್ಟ ಸುಂಕದಲ್ಲಿ ನಾಲ್ಕು ಗೋಡೆ ಒಂದು ನಲ್ಲಿ ಆಗಲಿಲ್ಲ, ಈಗ ಏಕಾಏಕಿ ನೆಲಮಾಳಿಗೆ ಪಾರ್ಕಿಂಗ್ ಅಂತೆ.

---

ಊರುಬಿಟ್ಟವ:

ಬೆಂಗಳೂರಿಂದ ಬರೀತಾ ಇದ್ದೇನೆ, ನಾನೂ ಆ ಊರಿನವನೇ. ತುಂಬ ಬೇಜಾರಾಯಿತು. ಒಂದು ಆನ್‌ಲೈನ್ ಪಿಟಿಷನ್ ಶುರು ಮಾಡೋಣ, ಹ್ಯಾಶ್‌ಟ್ಯಾಗ್ ಮಾಡೋಣ. ನಾನು ಡಿಸೈನ್ ಮಾಡಿ ಕೊಡುತ್ತೇನೆ.

---

ಸೊಪ್ಪಿನಗಾಡಿ:

ಒಳ್ಳೆಯದು ಅಣ್ಣ. ಆದರೆ ಒಂದು ಸೋಮವಾರ ರಜೆ ಹಾಕಿ ಬನ್ನಿ. ಅರ್ಜಿಗೆ ಸಹಿ ಹಾಕಿಸೋಕೆ ಜನ ಬೇಕು, ಅರ್ಧ ಜನಕ್ಕೆ ಹೆಬ್ಬೆಟ್ಟು. ಇಂಕ್ ಪ್ಯಾಡ್ ಹಿಡಿದುಕೊಂಡು ತಿರುಗೋಕೆ ಆಗುತ್ತಾ?

---

ಊರುಬಿಟ್ಟವ:

ಬರ್ತೀನಿ.

---

ಕಾನೂನುಓದು:

ಒಂದು ವಿಷಯ ಯಾರೂ ಎತ್ತಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ, 2014. ಇದು ಬರೀ ಬೆಂಗಳೂರಿನ ಫುಟ್‌ಪಾತಿಗೆ ಅಲ್ಲ, ಪುರಸಭೆಗೂ ಅನ್ವಯಿಸುತ್ತದೆ. ಅದರ ಪ್ರಕಾರ ಪ್ರತಿ ಊರಲ್ಲೂ ಟೌನ್ ವೆಂಡಿಂಗ್ ಕಮಿಟಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ವ್ಯಾಪಾರಿಗಳನ್ನು ಬೇರೆ ಕಡೆ ಹಾಕುವುದಾದರೆ 30 ದಿನದ ನೋಟಿಸ್ ಕೊಡಬೇಕು. ಎಲ್ಲಕ್ಕಿಂತ ಮುಖ್ಯ, 50 ವರ್ಷಕ್ಕಿಂತ ಹೆಚ್ಚು ಕಾಲದಿಂದ ವ್ಯಾಪಾರ ನಡೆದುಕೊಂಡು ಬಂದ ಜಾಗವನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ ಅನ್ನೋ ಮಾತೂ ಕಾಯ್ದೆಯಲ್ಲೇ ಇದೆ.

ಆದರೆ ತುಂಬ ಆಸೆ ಇಟ್ಟುಕೊಳ್ಳಬೇಡಿ. ಪುರಸಭೆ ವಕೀಲರು ಮೊದಲು ಹೇಳೋದೇ ಇದು: ವಾರಕ್ಕೊಂದು ದಿನ ಬರೋರು ಬೀದಿ ವ್ಯಾಪಾರಿಗಳಲ್ಲ, ಸರ್ವೆಯಲ್ಲಿ ಅವರ ಹೆಸರೇ ಇಲ್ಲ. ಸೋಮವಾರ ನಿಮ್ಮೂರು, ಮಂಗಳವಾರ ಇನ್ನೊಂದೂರು ಅಂತ ಸಂತೆಯಿಂದ ಸಂತೆಗೆ ಹೋಗೋರು ಯಾವ ಊರಿನ ಪಟ್ಟಿಯಲ್ಲೂ ಇರಲ್ಲ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಅಂತ ಬಂದ ಪಿಎಂ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲ ಕೊಡುವಾಗ ಕೆಲವರಿಗೆ ಗುರುತಿನ ಚೀಟಿ ಸಿಕ್ಕಿದೆ. ಅದು ಯಾರ ಹತ್ತಿರ ಇದೆಯೋ ಅವರ ಸಹಿ ಅರ್ಜಿಯ ಮೇಲ್ಭಾಗದಲ್ಲಿ ಇರಲಿ.

ಮರದ ವಿಷಯ. ಪುರಸಭೆ ಜಾಗದ ಮರವಾದರೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿ ಅನುಮತಿ ಬೇಕು. ಕೆಂಪು ನಂಬರ್ ಬರೆದವರು ಯಾರು ಅಂತ ಅರಣ್ಯ ಕಚೇರಿಯಲ್ಲಿ ಕೇಳಿ. ಅವರು ಬರೆದಿಲ್ಲ ಅಂದರೆ ಅದೇ ಒಂದು ದೂರು.

ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿದ ಮೇಲೆ, ಕೆಡವಬೇಕಾ ಉಳಿಸಬೇಕಾ ಅಂತ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಅಲ್ಲಿ ಕಣ್ಣಿಗೆ ಕಾಣುವ ಹಳೇ ಕಟ್ಟಡ ಇತ್ತು, ಕಟ್ಟಡಕ್ಕೆ ಒಂದು ಚರಿತ್ರೆ ಇತ್ತು, ಪೇಪರಿನವರು ಬಂದರು. ನಿಮ್ಮ ಸಂತೆಗೆ ಗೋಡೆಯೇ ಇಲ್ಲ. ಸಂಜೆ ಏಳಕ್ಕೆ ಎಲ್ಲ ಮಡಚಿಕೊಂಡು ಹೋದರೆ ಬರೀ ನೆಲ. 50 ವರ್ಷದಿಂದ ಇದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ಒಪ್ಪಲ್ಲ, ಕಾಗದ ಬೇಕು.

---

ಸೋಮವಾರದಸಂತೆ:

ಎಲ್ಲರಿಗೂ ಥ್ಯಾಂಕ್ಸ್. ಒಂದೂವರೆ ತಿಂಗಳು ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಕಡತ ನೋಡಿದೆ. ಗುಮಾಸ್ತರ ಬಾಯಿಗೆ ಸಕ್ಕರೆ ಹಾಕಬೇಕು. ಅಜೆಂಡಾದಲ್ಲಿ 14 ವಿಷಯ ಇವೆ, ಸಂತೆ ಮೈದಾನದ ಸುದ್ದಿ ಇಲ್ಲ. ನಡಾವಳಿಯಲ್ಲಿ ಮಾತ್ರ "ಇತರೆ ವಿಷಯ" ಅಂತ ಎರಡು ಸಾಲು, "ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು". ಊಟದ ಹೊತ್ತಾಗಿತ್ತು ಅಂದ ಸದಸ್ಯರ ಸಹಿಯೂ ಇದೆ. ಸರ್ವಾನುಮತ ಅಂದರೆ ಹಸಿವು ಅಂತ ನನಗೆ ಈಗ ಗೊತ್ತಾಯಿತು.

ಯೋಜನಾ ವರದಿ ನೋಡಿದರೆ ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗಿದೆ. ನಕ್ಷೆಯಲ್ಲಿ ಮೈದಾನದ ಮೇಲೆ "ಖಾಲಿ ಜಾಗ" ಅಂತ ಬರೆದಿದ್ದಾರೆ. ಸರ್ವೆ ಮಾಡೋಕೆ ಬಂದವರು ಗುರುವಾರ ಬಂದಿದ್ದರಂತೆ. ಗುರುವಾರ ಬಂದರೆ ಖಾಲಿ ಕಾಣದೆ ಇನ್ನೇನು ಕಾಣುತ್ತದೆ? ಹೊಂಗೆ ಮರದ ಲೆಕ್ಕ ಇಲ್ಲ. ಬೈಪಾಸ್ ಜಾಗಕ್ಕೆ ಬರೀ "ಸಮತಟ್ಟು ಮಾಡುವುದು" ಅಂತ ಒಂದು ಸಾಲು, ನೀರು ನೆರಳು ಶೌಚಾಲಯ ಯಾವುದಕ್ಕೂ ಒಂದು ರೂಪಾಯಿ ಇಟ್ಟಿಲ್ಲ.

ಒಳ್ಳೆ ಸುದ್ದಿ ಅಂದರೆ ಟೆಂಡರ್ ಇನ್ನೂ ಕರೆದಿಲ್ಲ. ಅರಣ್ಯ ಕಚೇರಿಯವರು ನಂಬರ್ ನಾವು ಬರೆದಿಲ್ಲ ಅಂದರು. ಪಹಣಿಯಲ್ಲಿ "ಸರ್ಕಾರಿ" ಅಂತ ಇದೆ, ಮುಂದಿನ ಕಾಲಂ ಅಳಿಸಿದ ಹಾಗಿದೆ, ಹಳೇ ಕೈಬರಹದ ದಾಖಲೆಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿದ್ದೇನೆ. ಹೋದ ಸೋಮವಾರ ಸಂತೆಯಲ್ಲೇ ಸಹಿ ಹಾಕಿಸಿದೆವು. ಊರುಬಿಟ್ಟವರು ನಿಜವಾಗಲೂ ಬಂದಿದ್ದರು, ಬಿಳಿ ಶರ್ಟಿಗೆಲ್ಲ ಇಂಕ್ ಮಾಡಿಕೊಂಡು ಹೋದರು. ಕಿರಾಣಿ ಅಂಗಡಿಯವರು ಸಹಿ ಹಾಕಲಿಲ್ಲ, ಆದರೆ ಟೇಬಲ್ಲು ಕುರ್ಚಿ ಕೊಟ್ಟರು, ಎಲ್ಲರಿಗೂ ಟೀ ಕೊಡಿಸಿದರು.

ಗುರುವಾರ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತಿದ್ದೇವೆ. ನಮಗೆ ಈಗ ಬೇಕಿರೋದು ಸಂತೆ 50 ವರ್ಷದಿಂದ ಅಲ್ಲೇ ಇದೆ ಅನ್ನೋಕೆ ಕಾಗದ. ಹಳೇ ಸುಂಕದ ಹರಾಜಿನ ಪುಸ್ತಕ ಪುರಸಭೆಯಲ್ಲಿ ಕೇಳಿದರೆ "ಗೆದ್ದಲು ತಿಂದಿದೆ" ಅಂದರು. ಯಾರ ಮನೆಯಲ್ಲಾದರೂ ಹಳೇ ಸುಂಕದ ಚೀಟಿ, ಫೋಟೊ, ಏನಾದರೂ ಇದೆಯಾ?

---

ಕಿರಾಣಿಅಂಗಡಿ:

ಸಹಿ ಯಾಕೆ ಹಾಕಲಿಲ್ಲ ಅಂತ ಇನ್ನೊಮ್ಮೆ ಹೇಳಿಬಿಡುತ್ತೇನೆ. ಕೆಳಗೆ ಸಂತೆ, ಸುತ್ತ ಒಂದೇ ಅಂತಸ್ತಿನ ಮಳಿಗೆ, ಒಂದು ಶೌಚಾಲಯ ಅಂತ ಅರ್ಜಿಯಲ್ಲಿ ಸೇರಿಸಿ, ಮೊದಲ ಸಹಿ ನಂದೇ. ಬರೀ ಬೇಡ ಬೇಡ ಅನ್ನೋ ಕಾಗದಕ್ಕೆ ನಾನು ಸಹಿ ಹಾಕಲ್ಲ.

---

ಸೋಮವಾರದಸಂತೆ:

ಇವತ್ತೇ ಸೇರಿಸುತ್ತೇನೆ. ಸಂಜೆ ಅಂಗಡಿಗೆ ಬರ್ತೀನಿ, ಪೆನ್ನು ಇಟ್ಟುಕೊಂಡಿರಿ.

---

ಸೊಪ್ಪಿನಗಾಡಿ:

ಅಜ್ಜಿ ಟ್ರಂಕು ತೆಗೆದು ನೋಡಿದೆ. ಎಲೆ ಅಡಿಕೆ ಚೀಲದಲ್ಲಿ ಮೂರು ಸುಂಕದ ಚೀಟಿ ಸಿಕ್ಕಿವೆ. ಅಚ್ಚು ಹಾಕಿದ್ದು, ಊರಿನ ಹೆಸರು, "ಸೋಮವಾರದ ಸಂತೆ" ಅಂತ ಇದೆ. ಆದರೆ ತಾರೀಕು ಇದ್ದ ಮೂಲೆಯನ್ನು ಇಲಿ ತಿಂದಿದೆ, ಇಸವಿ ಗೊತ್ತಾಗಲ್ಲ. ದರ ಮಾತ್ರ ಕಾಣುತ್ತದೆ, "ತಲೆ ಹೊರೆಗೆ 1 ಆಣೆ" ಅಂತ. ಇಸವಿ ಇಲ್ಲದಿದ್ದರೆ ಇದು ಉಪಯೋಗಕ್ಕೆ ಬರಲ್ಲ ಅಲ್ವಾ?

---

ಹಳೇಗುಮಾಸ್ತ:

ಆಣೆ ಅಂತ ಅಚ್ಚಾಗಿದೆಯಾ? ಹಾಗಾದರೆ ಇಸವಿ ಇಲ್ಲದಿದ್ದರೂ ನಡೆಯುತ್ತದೆ ಕಣಮ್ಮ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು, ಆಣೆ ಲೆಕ್ಕ ಹೋಯಿತು. ಅಂದರೆ ಈ ಚೀಟಿಗೆ 50 ವರ್ಷ ದಾಟಿದೆ ಅಂತಲೇ ಅರ್ಥ. ಮೂರಕ್ಕೂ ಎರಡು ಕಡೆ ಕಲರ್ ಜೆರಾಕ್ಸ್ ತೆಗೆಸಿ, ಅಸಲು ಮನೆಯಲ್ಲೇ ಇರಲಿ. ಕೇಳಿದರೂ ಕಚೇರಿಯಲ್ಲಿ ಬಿಟ್ಟು ಬರಬೇಡಿ, ಅಲ್ಲಿ ಗೆದ್ದಲು ಜಾಸ್ತಿ.